ಹಲ್ಲೊನ್‌ಗ್ರೊತ್ತ: ಸ್ವೀಡನ್ನಿನ ಜಾಮ್ ಬಿಸ್ಕತ್ತಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವೀಡನ್ನಿನ ಉಪ್ಸಾಲ ಊರಿಗೆ ಬಂದ ಮೊದಲ ಚಳಿಗಾಲದಲ್ಲಿ ಪಕ್ಕದ ಮನೆಯ ಅಜ್ಜಿ ತಗಡಿನ ಡಬ್ಬಿಯೊಂದನ್ನು ತಂದುಕೊಟ್ಟರು. ಒಳಗೆ ಪುಟ್ಟ ಕಾಗದದ ಕಪ್ಪುಗಳಲ್ಲಿ ಕುಳಿತ ಬಿಸ್ಕತ್ತುಗಳು, ನಡುವೆ ಒಂದೊಂದು ಕೆಂಪು ಬೊಟ್ಟು. ಅಂದಿನಿಂದ ನಾನೂ ಮಾಡುತ್ತಾ ಬಂದಿದ್ದೇನೆ. ಊರಿಗೆ ಹೋದಾಗಲೆಲ್ಲ ಒಯ್ಯುತ್ತೇನೆ, ತಿಂದವರು ಕೇಳುತ್ತಾರೆ. ಫೋನಿನಲ್ಲಿ, ಪತ್ರದಲ್ಲಿ, ಮದುವೆಮನೆಯ ಊಟದ ಸಾಲಿನಲ್ಲೂ ಕೇಳಿದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ.

## ಮೊದಲ ಪರಿಚಯ

ಅಕ್ಕಾ, ಇದು ನಮ್ಮ ಬೇಕರಿಯ ಜಾಮ್ ಬಿಸ್ಕತ್ತೇ ತಾನೆ? ಹೆಸರು ಮಾತ್ರ ಬೇರೆ?

ನೋಡಲು ಅದರ ತಂಗಿಯಂತಿದೆ, ನಿಜ. ಬಾಯಿಗಿಟ್ಟರೆ ವ್ಯತ್ಯಾಸ ಗೊತ್ತಾಗುತ್ತದೆ. ನಮ್ಮ ಜಾಮ್ ಬಿಸ್ಕತ್ತು ಕಟುಕ್ ಎಂದು ಮುರಿಯುತ್ತದೆ. ಹಲ್ಲೊನ್‌ಗ್ರೊತ್ತ ಮುರಿಯುವುದಿಲ್ಲ, ಉದುರುತ್ತದೆ. ಅಂಚು ತುಸು ಗರಿ, ಒಳಗೆ ಮರಳು ಮರಳಾದ ಬೆಣ್ಣೆಯ ಮೆದು, ನಡುವಿನ ಕುಳಿಯಲ್ಲಿ ಬೆಂದು ಅಂಟಂಟಾದ ರಾಸ್‌ಬೆರಿ ಜಾಮ್. ಗಾತ್ರ ಎರಡು ತುತ್ತಿನದು. ಇದನ್ನು ಹಾಳೆಯಂತೆ ಲಟ್ಟಿಸಿ ಕತ್ತರಿಸುವುದಿಲ್ಲ, ಉಂಡೆ ಕಟ್ಟಿ ಕಾಗದದ ಕಪ್ಪಿನಲ್ಲಿಟ್ಟು ಬೆರಳಿನಿಂದ ಒತ್ತಿ ಬೇಯಿಸುತ್ತಾರೆ. ಆ ಕಪ್ಪು ಅಂದಕ್ಕೆ ಇಟ್ಟದ್ದಲ್ಲ. ಅದರ ಕೆಲಸವೇನೆಂದು ಮುಂದೆ ಹೇಳುತ್ತೇನೆ, ಈ ತಿಂಡಿಯ ಗುಟ್ಟೆಲ್ಲ ಅಲ್ಲೇ ಇದೆ.

ಹೆಸರಿನ ಅರ್ಥ ಏನು? ಹೇಗೆ ಹೇಳೋದು?

ಹಲ್ಲೊನ್ ಎಂದರೆ ರಾಸ್‌ಬೆರಿ, ಗ್ರೊತ್ತ ಎಂದರೆ ಗವಿ. ರಾಸ್‌ಬೆರಿ ಗವಿ. ಒಂದಕ್ಕಿಂತ ಹೆಚ್ಚಿದ್ದರೆ ಹಲ್ಲೊನ್‌ಗ್ರೊತ್ತೊರ್. ಬೇರೆ ಹಣ್ಣಿನ ಜಾಮ್ ತುಂಬಿದರೆ ಸಿಲ್ತ್‌ಗ್ರೊತ್ತ, ಅಂದರೆ ಜಾಮ್ ಗವಿ. ಇದಕ್ಕೆ ರೋಸೆನ್‌ಮುನ್ ಎಂಬ ಇನ್ನೊಂದು ಹೆಸರೂ ಉಂಟು, ಗುಲಾಬಿ ಬಾಯಿ ಎಂದು ಅರ್ಥ. ನನಗೇನೋ ಗವಿಯೇ ಇಷ್ಟ. ರಾಸ್‌ಬೆರಿಯನ್ನು ಗಿಡದಿಂದ ಕಿತ್ತರೆ ಅದರ ಬಿಳಿ ತಿರುಳು ಗಿಡದಲ್ಲೇ ಉಳಿದು ಹಣ್ಣು ಟೊಪ್ಪಿಯಂತೆ ಟೊಳ್ಳಾಗಿ ಕೈಗೆ ಬರುತ್ತದೆ. ಹಣ್ಣೂ ಒಂದು ಪುಟ್ಟ ಗವಿಯೇ.

ಮೊಟ್ಟೆ ಹಾಕ್ತಾರಾ? ನಮ್ಮತ್ತೆ ತಿನ್ನಬಹುದಾ?

ಸಾಂಪ್ರದಾಯಿಕ ಹಲ್ಲೊನ್‌ಗ್ರೊತ್ತಕ್ಕೆ ಮೊಟ್ಟೆ ಬೇಡ. ಬೆಣ್ಣೆ, ಸಕ್ಕರೆ, ಮೈದಾ, ವೆನಿಲ್ಲಾ, ಚಿಟಿಕೆ ಬೇಕಿಂಗ್ ಪೌಡರ್, ಜಾಮ್, ಅಷ್ಟೇ. ಮೊಟ್ಟೆ ತಿನ್ನದವರಿಗಾಗಿ ಬದಲಾಯಿಸಿದ ಪಾಕವಲ್ಲ, ಮೂಲದಲ್ಲೇ ಹೀಗಿದೆ. ನಮ್ಮ ಮನೆಗಳಿಗೆ ಇದು ಸಲೀಸಾಗಿ ಒಗ್ಗುವುದಕ್ಕೆ ಇದೇ ಕಾರಣ.

ಸ್ವೀಡನ್ನಿನ ಅಂಗಡಿಯಲ್ಲಿ ಪೊಟ್ಟಣ ಕೊಳ್ಳುವವರು ಮಾತ್ರ ಹಿಂಬದಿ ಓದಲೇಬೇಕು. ಕಾರ್ಖಾನೆಯ ಮಾಲಿನಲ್ಲಿ ಬೆಣ್ಣೆಯ ಬದಲು ಮಾರ್ಗರೀನ್ ಇರಬಹುದು, ಮೊಟ್ಟೆಯೂ ಇರಬಹುದು. ಸ್ವೀಡಿಷ್‌ನಲ್ಲಿ ಮೊಟ್ಟೆಗೆ 'ಎಗ್' ಎಂದೇ ಹೇಳುತ್ತಾರೆ, ಬರೆಯುವಾಗ ಮೊದಲಕ್ಷರದ ಮೇಲೆ ಎರಡು ಚುಕ್ಕಿ ಇರುತ್ತದೆ. ಅಲರ್ಜಿ ತರುವ ಪದಾರ್ಥಗಳನ್ನು ಎದ್ದು ಕಾಣುವಂತೆ ಅಚ್ಚು ಹಾಕಬೇಕೆಂದು ಐರೋಪ್ಯ ಒಕ್ಕೂಟದ ನಿಯಮವಿದೆ. ಹಾಗಾಗಿ ದಪ್ಪಕ್ಷರದ ಪದಗಳ ಮೇಲೆ ಕಣ್ಣಾಡಿಸಿದರೆ ಸಾಕು. ಹಾಲಿಗೆ 'ಮ್ಯೋಲ್ಕ್', ಬೆಣ್ಣೆಗೆ 'ಸ್ಮೊರ್'.

ಏಳು ಬಗೆಯ ಬಿಸ್ಕತ್ತು ಇಡಬೇಕು ಅನ್ನೋ ಶಾಸ್ತ್ರ ಇದೆಯಂತೆ ಹೌದಾ?

ಒಂದು ಕಾಲಕ್ಕೆ ಇತ್ತು, ಗಟ್ಟಿಯಾಗಿಯೇ ಇತ್ತು. 19ನೇ ಶತಮಾನದಲ್ಲಿ ಸ್ವೀಡಿಷ್ ಮನೆಗಳಿಗೆ ಕಬ್ಬಿಣದ ಒಲೆ ಬಂತು, ಸಕ್ಕರೆ ಬೀಟ್ ಗೆಡ್ಡೆಯಿಂದ ಸಿಹಿ ಅಗ್ಗವಾಯಿತು, ಬೇಕಿಂಗ್ ಪೌಡರ್ ಬಳಕೆಗೆ ಬಂತು. ಅಲ್ಲಿಯವರೆಗೆ ದೊಡ್ಡ ಬ್ರೆಡ್ಡು ಬೇಯಿಸುವ ಒಲೆಯಿದ್ದ ಕಡೆ ಚಿಕ್ಕ ಚಿಕ್ಕ ಬಿಸ್ಕತ್ತುಗಳನ್ನು ವಾರದಲ್ಲಿ ಯಾವಾಗ ಬೇಕಾದರೂ ಬೇಯಿಸುವುದು ಸಾಧ್ಯವಾಯಿತು. ಇವಕ್ಕೆ ಒಟ್ಟಾಗಿ ಸ್ಮೋಕಾಕೂರ್, ಅಂದರೆ ಪುಟ್ಟ ಕೇಕುಗಳು, ಎಂದು ಹೆಸರು.

ಹೆಂಗಸರು ಒಬ್ಬರನ್ನೊಬ್ಬರು ಮನೆಗೆ ಕರೆದು ಕಾಫಿ ಕೊಡುವ ಕೂಟಕ್ಕೆ ಕಫೆರೇಪ್ ಎನ್ನುತ್ತಿದ್ದರು. ಅಲ್ಲಿ ಏಳು ಬಗೆ ಇಡುವುದು ಮರ್ಯಾದೆ. ಆರಾದರೆ ಜಿಪುಣಿ, ಎಂಟಾದರೆ ಜಂಬ. ತಿನ್ನುವುದಕ್ಕೂ ಕ್ರಮವಿತ್ತು: ಮೊದಲು ಬನ್ನು, ಆಮೇಲೆ ಮೆತ್ತನೆಯ ಕೇಕು, ನಂತರ ಒಣ ಬಿಸ್ಕತ್ತುಗಳು, ಕೊನೆಗೆ ತೂರ್ತ ಎಂಬ ಕೆನೆ ತುಂಬಿದ ಕೇಕು. ಬಾಳೆ ಎಲೆಯ ತುದಿಯಲ್ಲಿ ಉಪ್ಪಿನಿಂದ ಶುರು ಮಾಡಿ ಸಾಲಾಗಿ ಬಡಿಸುವುದನ್ನು ಕಂಡು ಬೆಳೆದವಳಿಗೆ ಈ ಕ್ರಮ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಎರಡನೇ ಮಹಾಯುದ್ಧದಲ್ಲಿ ಸ್ವೀಡನ್ ಸೇರದಿದ್ದರೂ ಕಾಫಿ, ಸಕ್ಕರೆ, ಬೆಣ್ಣೆ ಎಲ್ಲಕ್ಕೂ ಪಡಿತರ ಚೀಟಿ ಬೇಕಾಗಿತ್ತು. ಯುದ್ಧ ಮುಗಿದ 1945ರಲ್ಲೇ 'ಏಳು ಬಗೆಯ ಬಿಸ್ಕತ್ತು' ಎಂಬ ಅರ್ಥದ ಹೆಸರಿನ ಪಾಕಪುಸ್ತಕ ಹೊರಬಂದು, ಇಂದಿಗೂ ಮರುಮುದ್ರಣ ಕಾಣುತ್ತಿದೆ. ಈಗ ಯಾರೂ ಏಳನ್ನು ಎಣಿಸಿ ಇಡುವುದಿಲ್ಲ. ಆದರೂ ಏಳರ ಪಟ್ಟಿ ಹೇಳಿ ಎಂದರೆ ಹಲ್ಲೊನ್‌ಗ್ರೊತ್ತವನ್ನು ಬಿಡುವವರನ್ನು ನಾನು ನೋಡಿಲ್ಲ.

ಫೀಕ ಅಂದ್ರೆ ಬರೀ ಕಾಫಿ ಬ್ರೇಕಾ?

ಕಾಫಿ, ಜೊತೆಗೊಂದು ಸಿಹಿ, ಜೊತೆಗೊಬ್ಬರು ಮನುಷ್ಯರು: ಈ ಮೂರೂ ಸೇರಿದರೆ ಫೀಕ. ಕಾಫಿಗೆ ಹಿಂದೆ ಇದ್ದ 'ಕಫಿ' ಎಂಬ ರೂಪವನ್ನು ತಿರುಗಿಸಿ ಹುಟ್ಟಿದ ಆಡುಮಾತು ಇದು. ಕನ್ನಡದಲ್ಲೇ ಬರೆದು ನೋಡಿ, 'ಕಾಫಿ'ಯ ಎರಡಕ್ಷರ ಅದಲುಬದಲು ಮಾಡಿದರೆ 'ಫಿಕಾ'. ನಮ್ಮ ಲಿಪಿಯಲ್ಲಿ ಇದು ಎಷ್ಟು ಸಲೀಸಾಗಿ ಕಾಣುತ್ತದೆಂದು ಸ್ವೀಡಿಷ್ ಗೆಳತಿಗೆ ಬರೆದು ತೋರಿಸಿದ್ದೆ, ಆ ಚೀಟಿಯನ್ನು ಅವಳು ಫ್ರಿಜ್ಜಿನ ಮೇಲೆ ಅಂಟಿಸಿಕೊಂಡಿದ್ದಾಳೆ. ಇದೇ ದೇಶ 1756ರಲ್ಲಿ ಕಾಫಿಯನ್ನು ನಿಷೇಧಿಸಿತ್ತು, ಆಮೇಲೂ ಹಲವು ಸಲ ನಿಷೇಧಿಸಿ ಸೋತಿತು.

## ಮಾಡುವ ಬಗೆ

ಡೆಸಿಲೀಟರ್ ಲೆಕ್ಕ ಅರ್ಥ ಆಗಲ್ಲ. ಗ್ರಾಂನಲ್ಲಿ ಅಳತೆ ಕೊಡ್ತೀರಾ ಮೇಡಂ?

ಸ್ವೀಡಿಷ್ ಪಾಕಗಳಲ್ಲಿ ತೂಕಕ್ಕಿಂತ ಅಳತೆಯೇ ಹೆಚ್ಚು. 1 ಡೆಸಿಲೀಟರ್ ಎಂದರೆ 100 ಮಿಲಿಲೀಟರ್. ಅಷ್ಟು ಮೈದಾ 60 ಗ್ರಾಂ ತೂಗುತ್ತದೆ, ಅಷ್ಟೇ ಸಕ್ಕರೆ ಸುಮಾರು 90 ಗ್ರಾಂ. ನಾನು ಮಾಡುವ ಅಳತೆ ಇದು, 24 ಬರುತ್ತವೆ:

ಬೆಣ್ಣೆ 200 ಗ್ರಾಂ, ಸಕ್ಕರೆ 90 ಗ್ರಾಂ, ಮೈದಾ 270 ಗ್ರಾಂ, ಬೇಕಿಂಗ್ ಪೌಡರ್ 1 ಟೀ ಚಮಚ, ವೆನಿಲ್ಲಾ ಸಕ್ಕರೆ 2 ಟೀ ಚಮಚ (ಇಲ್ಲದಿದ್ದರೆ ಎಸೆನ್ಸ್ ಅರ್ಧ ಚಮಚ), ಗಟ್ಟಿ ಜಾಮ್ ಸುಮಾರು 100 ಮಿಲಿಲೀಟರ್.

ಬೆಣ್ಣೆ ಬೆರಳಿಟ್ಟರೆ ಒಳಗಿಳಿಯುವಷ್ಟು ಮೆತ್ತಗಿರಬೇಕು, ಕರಗಿರಬಾರದು. ಬೆಣ್ಣೆ ಸಕ್ಕರೆ ವೆನಿಲ್ಲಾ ಸೇರಿಸಿ ಕಲಸಿ. ಮೈದಾಕ್ಕೆ ಬೇಕಿಂಗ್ ಪೌಡರ್ ಬೆರೆಸಿ ಹಾಕಿ, ಎಲ್ಲ ಒಂದಾಗುವ ತನಕ ಮಾತ್ರ ಒತ್ತಿ ಕೂಡಿಸಿ. ಚಪಾತಿ ಹಿಟ್ಟಿನಂತೆ ನಾದಬೇಡಿ. ನಾದಿದರೆ ಮೈದಾದ ಅಂಟು ಬಿಗಿಯಾಗಿ ಬಿಸ್ಕತ್ತು ಗಟ್ಟಿಯಾಗುತ್ತದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, 24 ಉಂಡೆ ಮಾಡಿ, ಕಪ್ಪುಗಳಲ್ಲಿಟ್ಟು, ಹಿಟ್ಟು ಸವರಿದ ಹೆಬ್ಬೆರಳಿನಿಂದ ನಡುವೆ ಕುಳಿ ಒತ್ತಿ. ಅರ್ಧ ಟೀ ಚಮಚಕ್ಕಿಂತ ತುಸು ಹೆಚ್ಚು ಜಾಮ್ ಹಿಡಿಯುತ್ತದೆ. 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡುವಿನ ತಟ್ಟೆಯಲ್ಲಿ 10ರಿಂದ 12 ನಿಮಿಷ. ನಮ್ಮ ಚಿಕ್ಕ ಓಟಿಜಿಗಳಲ್ಲಿ ಕಾವಿನ ಸರಳು ಹತ್ತಿರವಿರುವುದರಿಂದ 180ಕ್ಕಿಟ್ಟು 15 ನಿಮಿಷ ಕೊಡಿ. ಅಂಚು ತೆಳು ಹೊಂಬಣ್ಣವಾದರೆ ಸಾಕು, ನಡು ಬೆಳ್ಳಗೇ ಇರಲಿ.

ಓವನ್ನಿನಿಂದ ತೆಗೆದ ಕೂಡಲೇ ಮುಟ್ಟಬೇಡಿ. ಬಿಸಿಯಲ್ಲಿ ಅವು ಬೆಂದಿಲ್ಲವೇನೋ ಎನ್ನುವಷ್ಟು ಮೆತ್ತಗಿರುತ್ತವೆ. ಬೆಣ್ಣೆ ಆರಿದಾಗಲೇ ಹದಕ್ಕೆ ಬರುವುದು.

ಕಾಗದದ ಕಪ್ ಯಾಕೆ ಬೇಕು? ತಟ್ಟೆ ಮೇಲೆ ನೇರ ಇಟ್ರೆ ಆಗಲ್ವಾ?

ನನ್ನನ್ನು ಕೇಳಿದರೆ ಈ ಪುಟದಲ್ಲಿ ಬೇರೆ ಯಾವುದನ್ನು ಓದದಿದ್ದರೂ ಇದನ್ನು ಓದಿ.

ಈ ಹಿಟ್ಟಿಗೆ ಸ್ವೀಡಿಷ್‌ನಲ್ಲಿ ಮೊರ್‌ದೇಗ್ ಎನ್ನುತ್ತಾರೆ. ಮೊರ್ ಎಂದರೆ ಮೆದು, ದೇಗ್ ಎಂದರೆ ಕಣಕ. ಮಾಮೂಲಿ ಮೊರ್‌ದೇಗ್‌ನ ಲೆಕ್ಕ 1-2-3: ಒಂದು ಪಾಲು ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಮೈದಾ. 200 ಗ್ರಾಂ ಬೆಣ್ಣೆಗೆ 300 ಗ್ರಾಂ ಮೈದಾ ಬಿದ್ದರೆ ಆ ಹಿಟ್ಟು ತಟ್ಟೆಯ ಮೇಲೆ ತನ್ನ ಕಾಲಿನ ಮೇಲೆ ತಾನು ನಿಲ್ಲುತ್ತದೆ. ನಮ್ಮ ಅಳತೆಯಲ್ಲಿ 270 ಮಾತ್ರ. ಆ 30 ಗ್ರಾಂ ಕಡಿಮೆಯಾದದ್ದರಿಂದಲೇ ಬಾಯಲ್ಲಿ ಉದುರುವ ಗುಣ ಬರುತ್ತದೆ, ಅದೇ ಕಾರಣಕ್ಕೆ ಕಾವು ತಾಕಿದೊಡನೆ ಹಿಟ್ಟು ಹರಡುತ್ತದೆ. ಕುಳಿ ಚಪ್ಪಟೆಯಾಗಿ ಜಾಮ್ ಹೊರಗೆ ಹರಿಯುತ್ತದೆ. ಕಪ್ಪು ಸುತ್ತ ಗೋಡೆಯಾಗಿ ನಿಂತು ಅದನ್ನು ಹಿಡಿದುಕೊಳ್ಳುತ್ತದೆ. ಗವಿಗೆ ಗೋಡೆ ಬೇಕಲ್ಲ.

ಕಪ್ಪಿಲ್ಲದೆ ಮಾಡಬೇಕೆಂದವರು ಮೈದಾ ಹೆಚ್ಚಿಸುತ್ತಾರೆ, ಬಿಸ್ಕತ್ತು ನಿಲ್ಲುತ್ತದೆ, ಚೆನ್ನಾಗಿಯೂ ಇರುತ್ತದೆ. ಆದರೆ ಅದು ಬೇರೆ ತಿಂಡಿ.

ತಳ 3ರಿಂದ 4 ಸೆಂಟಿಮೀಟರ್ ಇರುವ ಮಿನಿ ಮಫಿನ್ ಕಪ್ಪು ತನ್ನಿ. ಪೇಡ, ಲಡ್ಡು ಇಡುವ ಹೊಳೆಯುವ ಕಪ್ಪು ಬೇಡ, ಅವು ಓವನ್ನಿನ ಕಾವಿಗೆ ಮಾಡಿದವಲ್ಲ. ಕಾಗದ ತೆಳುವಾಗಿದ್ದರೆ ಎರಡೆರಡು ಜೋಡಿಸಿ, ಇಲ್ಲವೇ ಇಡ್ಲಿ ತಟ್ಟೆಯಂತೆ ಕುಳಿಗಳಿರುವ ಮಫಿನ್ ಅಚ್ಚಿನೊಳಗಿಡಿ.

ಮನೆ ಬೆಣ್ಣೆ ಹಾಕಬಹುದಾ? ತುಪ್ಪ?

ಅಂಗಡಿಯ ಉಪ್ಪಿಲ್ಲದ ಬೆಣ್ಣೆ ಸುರಕ್ಷಿತ. ಅದರಲ್ಲಿ ಕೊಬ್ಬು ಕನಿಷ್ಠ 80 ಪ್ರತಿಶತ, ಸ್ವೀಡಿಷ್ ಬೆಣ್ಣೆಯೂ ಹೆಚ್ಚುಕಡಿಮೆ ಅಷ್ಟೇ. ಉಪ್ಪಿನ ಟೇಬಲ್ ಬೆಣ್ಣೆಯಲ್ಲಿ ನಮ್ಮಲ್ಲಿ 3 ಪ್ರತಿಶತದವರೆಗೂ ಉಪ್ಪಿರಲು ಅವಕಾಶವಿದೆ. ಇಲ್ಲಿನ ಸಾಮಾನ್ಯ ಉಪ್ಪು ಬೆಣ್ಣೆಯಲ್ಲಿ ಅದರ ಅರ್ಧವಷ್ಟೇ ಇರುವುದು. ಹಾಗಾಗಿ ಸ್ವೀಡಿಷ್ ಪಾಕದಲ್ಲಿ ಬರೀ 'ಬೆಣ್ಣೆ' ಎಂದಿದೆಯೆಂದು ಟೇಬಲ್ ಬೆಣ್ಣೆ ಹಾಕಿದರೆ ಉಪ್ಪು ಮುಂದಾಗುತ್ತದೆ.

ಮನೆಯಲ್ಲಿ ಕಡೆದ ಬೆಣ್ಣೆಗೆ ಘಮ ಬೇರೆಯೇ. ತೊಂದರೆ ಅದರೊಳಗಿನ ಮಜ್ಜಿಗೆ ನೀರು. ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆದು, ಒತ್ತಿ ಹಿಂಡಿ, ಬಟ್ಟೆಯ ಮೇಲೆ ಒಂದಷ್ಟು ಹೊತ್ತು ಇಟ್ಟು ಬಳಸಿ. ತುಪ್ಪ ಹಾಕಿದರೆ ರುಚಿಯಾಗಿರುತ್ತದೆ, ಆದರೆ ನಾನ್‌ಕಟಾಯಿಯ ಕಡೆ ಹೊರಳುತ್ತದೆ. ಹಾಗೆಯೇ ಮಾಡುವುದಾದರೆ 200 ಗ್ರಾಂ ಬೆಣ್ಣೆಗೆ 160 ಗ್ರಾಂ ಗಟ್ಟಿ ತುಪ್ಪ ಸಾಕು, ಏಕೆಂದರೆ ತುಪ್ಪದಲ್ಲಿ ನೀರಿಲ್ಲ.

ನಮ್ಮೂರಲ್ಲಿ ರಾಸ್‌ಬೆರಿ ಜಾಮ್ ಸಿಗಲ್ಲ. ಮಿಕ್ಸೆಡ್ ಫ್ರೂಟ್ ಆಗುತ್ತಾ?

ಆಗುತ್ತದೆ, ಆದರೆ ಸಪ್ಪೆಯಾಗುತ್ತದೆ. ರಾಸ್‌ಬೆರಿಯಲ್ಲಿ ಹುಳಿಯಿದೆ, ಬೆಣ್ಣೆಯ ಜಿಡ್ಡಿಗೆ ಎದುರು ನಿಲ್ಲುವುದು ಆ ಹುಳಿ. ಮಿಕ್ಸೆಡ್ ಫ್ರೂಟ್ ಬರೀ ಸಿಹಿ, ಸಿಹಿಯ ಮೇಲೆ ಸಿಹಿ ಬಿದ್ದು ಎರಡರ ರುಚಿಯೂ ಮಂಕಾಗುತ್ತದೆ. ಅದನ್ನೇ ಹಾಕುವುದಾದರೆ ನಾಲ್ಕು ಚಮಚ ಜಾಮಿಗೆ ಅರ್ಧ ಚಮಚ ನಿಂಬೆರಸ ಸೇರಿಸಿ, ಸಣ್ಣ ಉರಿಯಲ್ಲಿ ಗಟ್ಟಿಯಾಗುವ ತನಕ ಕುದಿಸಿ ಆರಿಸಿ. ಅನಾನಸ್ ಜಾಮ್ ನನ್ನ ಎರಡನೆಯ ಆಯ್ಕೆ.

ದೊಡ್ಡ ಊರುಗಳಲ್ಲಿ ಹಿಮಗಟ್ಟಿಸಿದ ರಾಸ್‌ಬೆರಿ ಸಿಗುತ್ತದೆ, ಅದರಿಂದ ಮನೆಯಲ್ಲೇ ಜಾಮ್ ಮಾಡುವುದು ಸುಲಭ. 500 ಗ್ರಾಂ ಹಣ್ಣಿಗೆ 350 ಗ್ರಾಂ ಸಕ್ಕರೆ ಹಾಕಿ 15 ನಿಮಿಷ ಕುದಿಸಿ, ನೊರೆ ತೆಗೆಯಿರಿ. ಫ್ರಿಜ್ಜಿನಲ್ಲಿಟ್ಟ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಬೆರಳಿನಿಂದ ಗೆರೆ ಎಳೆದರೆ ಗೆರೆ ಮುಚ್ಚಿಕೊಳ್ಳಬಾರದು. ಬೀಜ ಸೋಸಬೇಡಿ. ಹಲ್ಲಿಗೆ ಸಿಗುವ ಆ ಬೀಜ ಇಲ್ಲಿನವರಿಗೆ ರಾಸ್‌ಬೆರಿಯ ಗುರುತು.

ಇಲ್ಲಿ ಡ್ರೊಟ್‌ನಿಂಗ್‌ಸಿಲ್ತ್, ಅಂದರೆ ರಾಣಿ ಜಾಮ್, ಎಂಬುದೊಂದಿದೆ: ರಾಸ್‌ಬೆರಿ ಮತ್ತು ಕಾಡು ಬ್ಲೂಬೆರಿ ಬೆರೆಸಿದ್ದು. ಗವಿಗೆ ಅದನ್ನು ತುಂಬಿದರೆ ಬಣ್ಣ ಗಾಢ ನೇರಳೆ. ಒಮ್ಮೆ ಮಾಡಿ ನೋಡಬೇಕಾದದ್ದು.

ಓವನ್ ಇಲ್ಲ, ದಪ್ಪ ತಳದ ಪಾತ್ರೆಯಲ್ಲಿ ಮಾಡಬಹುದಾ?

ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ 10 ನಿಮಿಷ ಕಾಯಿಸಿದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ 20ರಿಂದ 25 ನಿಮಿಷದಲ್ಲಿ ಬೇಯುತ್ತವೆ. ಮೇಲ್ಗಡೆ ಬಣ್ಣ ಬರುವುದಿಲ್ಲ, ತಳ ಮಾತ್ರ ಕೆಂಪಾಗುತ್ತದೆ. ರುಚಿಗೆ ಮೋಸವಿಲ್ಲ. ಕುಕ್ಕರಿನಲ್ಲಿ ಮಾಡುವವರು ಗ್ಯಾಸ್ಕೆಟ್, ವೆಯ್ಟ್ ಎರಡನ್ನೂ ತೆಗೆಯಲೇಬೇಕು.

## ಕೆಟ್ಟಾಗ

ಜಾಮ್ ಉಕ್ಕಿ ಕಪ್ಪೆಲ್ಲ ಅಂಟಾಯ್ತು, ಯಾಕೆ?

ಕುಳಿಯ ಬಾಯಿತನಕ ತುಂಬಿರುತ್ತೀರಿ. ಕಾವಿನಲ್ಲಿ ಜಾಮ್ ಕುದಿಯುತ್ತದೆ, ಕುದಿದರೆ ಏಳುತ್ತದೆ. ಮುಕ್ಕಾಲು ತುಂಬಿದರೆ ಸಾಕು, ಬೇಕಿದ್ದರೆ ಇಳಿಸಿದ ಮೇಲೆ ಬಿಸಿಯಿರುವಾಗಲೇ ಇನ್ನೊಂದು ಹನಿ ಹಾಕಿ. ಇನ್ನೊಂದು ಕಾರಣ ಸಕ್ಕರೆ ಕಡಿಮೆಯಿರುವ ಜಾಮ್. ಅದರಲ್ಲಿ ನೀರು ಹೆಚ್ಚು, ಆ ನೀರು ಹಿಟ್ಟಿಗೆ ಇಳಿದು ತಳ ಹಸಿಯಾಗುತ್ತದೆ. ಅಂಥ ಜಾಮನ್ನು ಮೊದಲೇ ಕುದಿಸಿ ಇಂಗಿಸಿಕೊಳ್ಳಿ. ಕುಳಿ ಒತ್ತುವಾಗ ತಳಕ್ಕೆ ಅರ್ಧ ಸೆಂಟಿಮೀಟರ್ ಹಿಟ್ಟು ಉಳಿದಿರಲಿ, ತೂತಾದರೆ ಜಾಮ್ ಕಾಗದಕ್ಕೆ ಅಂಟಿ ಸುಡುತ್ತದೆ.

ಒತ್ತುವಾಗಲೇ ಅಂಚು ಬಿರುಕು ಬಿಡ್ತಿದೆ.

ಹಿಟ್ಟು ತೀರಾ ತಣ್ಣಗಿದೆ. ಹತ್ತು ನಿಮಿಷ ಹೊರಗಿಟ್ಟು ಒತ್ತಿ. ಸಣ್ಣ ಬಿರುಕಿಗೆ ತಲೆ ಕೆಡಿಸಿಕೊಳ್ಳಬೇಡಿ, ಅಜ್ಜಿಯ ಡಬ್ಬಿಯಲ್ಲೂ ಬಿರುಕಿನವು ಇದ್ದವು.

ಎಷ್ಟು ದಿನ ಇಡಬಹುದು? ಊರಿಗೆ ತರುವಾಗ ಪುಡಿಯಾಗಲ್ವಾ?

ಗಾಳಿಯಾಡದ ಡಬ್ಬಿಯಲ್ಲಿ ಒಂದು ವಾರ. ದಿನ ಕಳೆದಂತೆ ಜಾಮಿನ ತೇವ ಬಿಸ್ಕತ್ತಿಗೆ ಇಳಿದು ಅಂಚಿನ ಗರಿ ಹೋಗುತ್ತದೆ, ಹಾಳಾದಂತಲ್ಲ. ನನಗೆ ಎರಡನೆಯ ದಿನದ್ದೇ ಹೆಚ್ಚು ಹಿಡಿಸುತ್ತದೆ. ಸ್ವೀಡಿಷರು ಒಂದೇ ಸಲ ಹೆಚ್ಚಾಗಿ ಮಾಡಿ ಫ್ರೀಜರಿನಲ್ಲಿಡುತ್ತಾರೆ. ನೆಂಟರು ಬಂದರೆ ತೆಗೆದಿಟ್ಟು ಕಾಫಿ ಇಳಿಯುವಷ್ಟರಲ್ಲಿ ತಿನ್ನಲು ಸಿದ್ಧ. ಪ್ರಯಾಣಕ್ಕೆ ಕಪ್ಪು ಬಿಚ್ಚದೆ ತಗಡಿನ ಡಬ್ಬಿಯಲ್ಲಿ ಬಿಗಿಯಾಗಿ ಜೋಡಿಸಿ, ಸಾಲುಗಳ ನಡುವೆ ಬೆಣ್ಣೆ ಕಾಗದ ಹಾಕಿ, ಕೈಚೀಲದಲ್ಲೇ ಒಯ್ಯಿರಿ. ಬೆಂಗಳೂರಿನವರೆಗೆ ನನ್ನವು ಎಂದೂ ಪುಡಿಯಾಗಿಲ್ಲ.

## ಇನ್ನೂ ಆಳಕ್ಕೆ

ಕೆಲವು ಪಾಕದಲ್ಲಿ ಆಲೂಗಡ್ಡೆ ಹಿಟ್ಟು ಅಂತಿದೆ, ಅದು ಎಲ್ಲಿ ಸಿಗುತ್ತೆ?

ಅದು ಆಲೂಗಡ್ಡೆಯನ್ನು ಒಣಗಿಸಿ ಬೀಸಿದ ಪುಡಿಯಲ್ಲ, ಗಂಜಿ ಮಾತ್ರ ಬೇರ್ಪಡಿಸಿದ ಬಿಳಿ ಸ್ಟಾರ್ಚ್. ಗಂಜಿಯಲ್ಲಿ ಅಂಟಿನ ಅಂಶ ಇಲ್ಲ, ಹಾಗಾಗಿ ಮೈದಾದ ಒಂದು ಪಾಲಿನ ಬದಲು ಅದನ್ನು ಹಾಕಿದರೆ ಬಿಸ್ಕತ್ತು ಇನ್ನಷ್ಟು ಉದುರಾಗುತ್ತದೆ. 270 ಗ್ರಾಂನಲ್ಲಿ 50 ಗ್ರಾಂ ಬದಲಿಸಿ ನೋಡಿ. ಸಿಗದಿದ್ದರೆ ಕಾರ್ನ್‌ಫ್ಲೋರ್ ಅದೇ ಕೆಲಸ ಮಾಡುತ್ತದೆ. ಇದಕ್ಕಿಂತ ಹೆಚ್ಚು ಬೇಡ, ಬಾಯಿ ಒಣಗಿದಂತಾಗುತ್ತದೆ.

ಥಂಬ್‌ಪ್ರಿಂಟ್ ಕುಕ್ಕಿ, ಲಿನ್ಸರ್, ಇದು, ಎಲ್ಲಾ ಒಂದೇ ಅಲ್ವಾ?

ಬೆಣ್ಣೆ ಹಿಟ್ಟಿನ ಕುಳಿಗೆ ಜಾಮ್ ಇಡುವುದು ಯುರೋಪಿನ ಹಲವು ಕಡೆ ಇದೆ. ಜರ್ಮನಿಯವರು ಏಂಗೆಲ್ಸ್‌ಔಗೆನ್, ದೇವದೂತರ ಕಣ್ಣು, ಎನ್ನುತ್ತಾರೆ. ಅವರು ಹಿಟ್ಟಿಗೆ ಮೊಟ್ಟೆಯ ಹಳದಿ ಹಾಕುವುದು ರೂಢಿ. ಅಮೆರಿಕದ ಥಂಬ್‌ಪ್ರಿಂಟ್‌ಗೂ ಸಾಮಾನ್ಯವಾಗಿ ಮೊಟ್ಟೆ ಬೀಳುತ್ತದೆ, ಎಷ್ಟೋ ಸಲ ಉಂಡೆಯನ್ನು ಬೀಜದ ತರಿಯಲ್ಲಿ ಹೊರಳಿಸುತ್ತಾರೆ, ತಟ್ಟೆಯ ಮೇಲೆ ನೇರ ಬೇಯಿಸುತ್ತಾರೆ. ಮೊಟ್ಟೆ ಹಿಡಿದಿಡುವುದರಿಂದ ಅದಕ್ಕೆ ಕಪ್ಪು ಬೇಡ. ಆಸ್ಟ್ರಿಯಾದ ಲಿನ್ಸರ್ ಬಿಸ್ಕತ್ತು ಎರಡು ಪದರದ್ದು, ಮೇಲಿನದಕ್ಕೆ ಕಿಟಕಿ ಕತ್ತರಿಸಿರುತ್ತಾರೆ. ಸ್ವೀಡನ್ನಿನಲ್ಲೇ ಇದಕ್ಕೊಬ್ಬ ಅಣ್ಣನಿದ್ದಾನೆ, ಹಲ್ಲೊನ್‌ಸ್ನಿತ್: ಉದ್ದ ಹುರಿ ಮಾಡಿ, ನಡುವೆ ಕಾಲುವೆ ತೋಡಿ ಜಾಮ್ ತುಂಬಿ ಬೇಯಿಸಿ, ಮೇಲೆ ಸಕ್ಕರೆ ಪಾಕ ಗೀಚಿ ಓರೆಯಾಗಿ ಕತ್ತರಿಸಿದ್ದು. ಎಲ್ಲವನ್ನೂ ತಿಂದಿದ್ದೇನೆ, ಎಲ್ಲವೂ ಒಳ್ಳೆಯವೇ. ಮೊಟ್ಟೆಯಿಲ್ಲದೆ, ಕಾಗದದ ಆಸರೆಯಲ್ಲಿ ನಿಲ್ಲುವುದು ಮಾತ್ರ ಇದೊಂದೇ.

ಸ್ವೀಡನ್ನಲ್ಲಿ ಯಾರ ಕಾಡಿಗಾದ್ರೂ ನುಗ್ಗಿ ಹಣ್ಣು ಕೀಳಬಹುದಂತೆ, ಯಾರೂ ಬೈಯಲ್ವಾ?

ಬೈಯುವುದಿಲ್ಲ, ಏಕೆಂದರೆ ಅದು ಹಕ್ಕು. ಅಲ್ಲೆಮನ್ಸ್‌ರೆಟ್ಟೆನ್ ಎಂದು ಹೆಸರು, ಎಲ್ಲರ ಹಕ್ಕು ಎಂದರ್ಥ. ಹಳೆಯ ರೂಢಿಯಾಗಿದ್ದ ಇದು 1994ರಿಂದ ಸಂವಿಧಾನದಲ್ಲೂ ಉಲ್ಲೇಖಗೊಂಡಿದೆ. ಖಾಸಗಿ ಕಾಡಿನಲ್ಲೂ ನಡೆಯಬಹುದು, ಕಾಡು ಹಣ್ಣು, ಅಣಬೆ ಕೀಳಬಹುದು. ಮನೆಯಂಗಳಕ್ಕೆ ಕಾಲಿಡುವಂತಿಲ್ಲ, ಬೆಳೆದ ಹೊಲ ತೋಟ ಮುಟ್ಟುವಂತಿಲ್ಲ, ಗಿಡ ಮುರಿಯುವಂತಿಲ್ಲ.

ರಾಸ್‌ಬೆರಿ ದಟ್ಟ ಕಾಡಿನಲ್ಲಿ ಬೆಳೆಯುವುದಿಲ್ಲ, ಅದಕ್ಕೆ ಬಿಸಿಲು ಬೇಕು. ಮರ ಕಡಿದ ಬಯಲು, ಹಾದಿಬದಿ, ಹಳೇ ಕಲ್ಲುಗೋಡೆಯ ಮಗ್ಗುಲು ಹುಡುಕಿ. ಜುಲೈ ಕೊನೆಯಿಂದ ಆಗಸ್ಟ್ ತನಕ ಹಣ್ಣು. ಸಣ್ಣಗೆ ಎಳೆದರೆ ಕೈಗೆ ಬರದ ಹಣ್ಣು ಇನ್ನೂ ಮಾಗಿಲ್ಲ. ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ, ಮುಳ್ಳು ಸಣ್ಣದು ಆದರೆ ಬಹಳ. ಕೊಡಗಿನ ಬೆಟ್ಟಗಳಲ್ಲೂ ಇದೇ ರೂಬಸ್ ಕುಲದ ಕಾಡುಗಿಡಗಳಿವೆ, ಮಡಿಕೇರಿಯ ಗೆಳತಿಗೆ ಇಲ್ಲಿನ ಪೊದೆ ತೋರಿಸಿದಾಗ ಅವಳು ಕೇಳದೆಯೇ ಹಣ್ಣಿಗೆ ಕೈ ಹಾಕಿದಳು.

ಮಕ್ಕಳ ಕೈಲಿ ಮಾಡಿಸಬಹುದಾ?

ಕುಳಿ ಒತ್ತುವುದನ್ನು ಅವರಿಗೇ ಬಿಡಿ. ಇಲ್ಲಿನ ಮಕ್ಕಳು ಅಡುಗೆಮನೆಗೆ ಮೊದಲು ಬರುವುದು ಎಷ್ಟೋ ಮನೆಗಳಲ್ಲಿ ಈ ಕೆಲಸಕ್ಕೇ. ನಾಲ್ಕು ವರ್ಷದ ಮಗುವಿನ ಹೆಬ್ಬೆರಳಿಗೆ ಕುಳಿ ಚಿಕ್ಕದಾಗುತ್ತದೆ, ಎರಡು ಸಲ ಒತ್ತಲಿ. ಜಾಮ್ ಹಾಕುವುದು ಮಾತ್ರ ದೊಡ್ಡವರ ಕೆಲಸ, ಏಕೆಂದರೆ ಮಕ್ಕಳು ಕಡಿಮೆ ಹಾಕುವುದೇ ಇಲ್ಲ. ಬೆಂದ ಜಾಮ್ ಒಲೆಯಿಂದ ಇಳಿದ ಮೇಲೂ ಬಹಳ ಹೊತ್ತು ನಾಲಿಗೆ ಸುಡುತ್ತದೆ, ಪೂರ್ತಿ ಆರುವ ತನಕ ತಟ್ಟೆ ಎತ್ತರದಲ್ಲಿರಲಿ.

ನಮ್ಮ ಫಿಲ್ಟರ್ ಕಾಫಿ ಜೊತೆ ಹೊಂದುತ್ತಾ?

ಹೊಂದುತ್ತದೆ, ಸಕ್ಕರೆ ಅರ್ಧ ಮಾಡಿ. ಸ್ವೀಡಿಷರದು ಹಾಲಿಲ್ಲದ, ತೆಳು ಹುರಿತದ ಕಾಫಿ, ದೊಡ್ಡ ಕಪ್ಪಿನಲ್ಲಿ. ಅದರ ಹುಳಿ ಜಾಮಿನ ಹುಳಿಗೆ ಜೊತೆ. ನಮ್ಮ ಡಿಕಾಕ್ಷನ್ ಗಟ್ಟಿ, ಚಿಕೋರಿಯ ಕಹಿ ಇದೆ, ಅದು ಬೆಣ್ಣೆಗೆ ಜೊತೆ. ಅದ್ದಿ ತಿನ್ನಲು ಹೋಗಬೇಡಿ, ಇದು ರಸ್ಕಿನಂತಲ್ಲ, ಲೋಟದ ತಳಕ್ಕೆ ಇಳಿದುಬಿಡುತ್ತದೆ. ಒಂದು ಕಚ್ಚು, ಒಂದು ಗುಟುಕು. ಇಲ್ಲಿ ಎರಡನೆಯ ಸಲ ಬಗ್ಗಿಸಿಕೊಳ್ಳುವ ಕಾಫಿಗೆ ಪೋತೋರ್ ಎಂಬ ಬೇರೆ ಹೆಸರೇ ಇದೆ. ಎರಡನೆಯ ಹಲ್ಲೊನ್‌ಗ್ರೊತ್ತವನ್ನು ಆಗ ತೆಗೆದುಕೊಳ್ಳಿ.